ಮುಗಿಯದ ಪರೀಕ್ಷೆಗೆ ತೆತ್ತ ಹಣ

ಭದ್ರಾವತಿಯ ಕಾಗದನಗರದಿಂದ ಶಿವಮೊಗ್ಗೆಗೆ ದಾರಿ ಬಹಳವೇನೂ ಅಲ್ಲ. ಸುಮಾರು 20 ಕಿಲೋಮೀಟರು. ಆದರೆ ಹಸಿದ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರುವ ಕೂಲಿಕಾರನಿಗೆ ಅಂದಿನ ದುಡಿಮೆ ತಪ್ಪಿತೆಂದೇ ಲೆಕ್ಕ. ಮರುದಿನ ಬಂದ ಚೀಟಿಯಲ್ಲಿ ಅಂಕಿಯ ಬದಲು 'ಮಾದರಿ ಯೋಗ್ಯವಾಗಿಲ್ಲ' ಎಂದಿದ್ದರೆ, ಆತನು ತೆತ್ತ ಹಣ ಯಾರಿಗೆ ಸೇರತಕ್ಕದ್ದು?

ಮಾದರಿಯನ್ನು ತಿರಸ್ಕರಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಪೊಟ್ಯಾಸಿಯಮ್ಮಿನ ಪರೀಕ್ಷೆಯನ್ನೇ ನೋಡೋಣ. ರಕ್ತದ ದ್ರವಭಾಗದಲ್ಲಿ ಅದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಕೆಂಪು ಕಣಗಳೊಳಗೆ ಅದರ ಇಪ್ಪತ್ತು ಪಟ್ಟಿಗೂ ಮಿಗಿಲು. ತೀರ ಸಪುರವಾದ ಸೂಜಿಯಿಂದ ರಕ್ತವನ್ನು ಬಲವಾಗಿ ಎಳೆದರೆ, ಅಥವಾ ನಳಿಕೆಯನ್ನು ಜೋರಾಗಿ ಕುಲುಕಿದರೆ, ಕಣಗಳು ಒಡೆದು ಒಳಗಿನದು ಹೊರಕ್ಕೆ ಬರುತ್ತದೆ. ಆಗ ಆರೋಗ್ಯವಂತನ ರಕ್ತದಲ್ಲಿಯೂ ಪೊಟ್ಯಾಸಿಯಮ್ ಮಿತಿಮೀರಿದಂತೆ ತೋರೀತು. ಸೋರಿದ ಕೆಂಪು ಬಣ್ಣವು, ಬೆಳಕನ್ನು ಹಾಯಿಸಿ ಅಳೆಯುವ ಇತರ ಪರೀಕ್ಷೆಗಳನ್ನೂ ಕೆಡಿಸುತ್ತದೆ. ಇಂತಹ ರಕ್ತದಿಂದ ಅಂಕಿ ಬರೆದುಕೊಡುವುದಕ್ಕಿಂತ ಏನನ್ನೂ ಬರೆಯದಿರುವುದೇ ಲೇಸು.

ಸರಿಯಷ್ಟೆ, ಆದರೆ ಸೂಜಿಯನ್ನು ಹಿಡಿದವರಾರು, ನಳಿಕೆಯನ್ನು ಸಾಗಿಸಿದವರಾರು? ರೋಗಿಯಂತೂ ಅಲ್ಲ. ರಾಸಾಯನಿಕಗಳು ವೆಚ್ಚವಾದುವೆಂಬ ಸಮಾಧಾನ ಇಲ್ಲಿ ಸಲ್ಲದು. ಕಾಗದದ ಕಾರ್ಖಾನೆಗಳಲ್ಲಿ ಯಂತ್ರದ ಮೇಲೆ ಹರಿದ ಹಾಳೆ ಮತ್ತೆ ತಿರುಳಿಗೆ ಹೋಗುತ್ತದೆಯೇ ಹೊರತು ಗಿರಾಕಿಯ ಲೆಕ್ಕಕ್ಕೆ ಬೀಳುವುದಿಲ್ಲ. ರೋಗಿಯೇ ಉಪವಾಸವಿರದೆ ಬಂದಿದ್ದರೆ? ರಕ್ತ ತೆಗೆಯುವ ಮುನ್ನ ಆ ಒಂದು ಪ್ರಶ್ನೆಯನ್ನು ಕೇಳುವುದು ಪ್ರಯೋಗಾಲಯದವರ ಕೆಲಸ. ಕೇಳಿಯೂ ಆತನು ಸುಳ್ಳಾಡಿದ್ದರೆ ನಷ್ಟ ಆತನದು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಹಣ ಪಡೆದು ಮಾಡುವ ರೋಗನಿದಾನವೂ ಗ್ರಾಹಕ ಕಾನೂನಿಗೆ ಒಳಪಡುವ ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿತು. ದೋಷವುಳ್ಳ ಸೇವೆಯ ಹಣವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದಲ್ಲಿ 30 ದಿನಗಳೊಳಗೆ, ಹಿಂದಿರುಗಿಸಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಸೀದಿಯನ್ನೇ ಕೊಡದಿರುವುದೂ ಹಾಗೆಯೇ. ರಸೀದಿಯನ್ನು ಕೇಳಿ ಪಡೆಯಲು ನಮ್ಮ ಜನಕ್ಕೆ ಏಕೋ ಸಂಕೋಚ!

ಹಣ ಹಿಂದಿರುಗಿಸಬೇಕಾದೀತೆಂಬ ಭಯಕ್ಕೆ ಕೆಟ್ಟ ರಕ್ತದಿಂದಲೇ ಅಂಕಿ ಹುಟ್ಟಿಸಿಕೊಡುವವರು ಹೊರಟಾರೆಂಬ ಆಕ್ಷೇಪವುಂಟು. ಇದು ಹುರುಳಿಲ್ಲದ ಮಾತಲ್ಲ. ಆದುದರಿಂದ ಮೊದಲು ಶುಲ್ಕವಿಲ್ಲದೆ ಇನ್ನೊಮ್ಮೆ ರಕ್ತ ತೆಗೆಯಲು ಪ್ರಯೋಗಾಲಯಕ್ಕೆ ಅವಕಾಶವಿರಲಿ. ರೋಗಿಗೆ ಅದು ಬೇಡವಾದರೆ ಪೂರ್ತಿ ಹಣ ಮರಳಲಿ. ಮಾದರಿ ಕೆಟ್ಟ ಕಾರಣವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದಿರಬೇಕು. ಎರಡನೆಯ ಸಲದ ಬಸ್ಸಿನ ಖರ್ಚನ್ನೂ ಹೋದ ಕೂಲಿಯನ್ನೂ ಯಾರೂ ತುಂಬಿಕೊಡಲಾರರು. ಭದ್ರಾವತಿಯವರ ಎರಡನೆಯ ಮಾದರಿಯನ್ನು ಭದ್ರಾವತಿಯಲ್ಲಿಯೇ ತೆಗೆದುಕೊಳ್ಳುವ ಏರ್ಪಾಡನ್ನಾದರೂ ಮಾಡಬಹುದು.