ನೆಲದ ಹೊದಿಕೆಯೂ ಬೇಸಗೆಯ ಬೇಗೆಯೂ

ಬಜಗೋಳಿ ಪೇಟೆಯು ಕಾರ್ಕಳದಿಂದ ಕುದುರೆಮುಖದ ಘಟ್ಟವನ್ನೇರುವ ಹೆದ್ದಾರಿಯಲ್ಲಿದೆ. ಹಾದಿಯ ಇಕ್ಕೆಲಗಳಲ್ಲಿ ಅಂಗಡಿ, ಕಾಂಕ್ರೀಟಿನ ಅಂಗಳ, ತಗಡಿನ ಮಾಡು. ತುಸು ಮುಂದುವರಿದರೆ ಗದ್ದೆ, ಅಡಕೆಯ ತೋಟ, ಕಾಡು. ಚೈತ್ರದ ಮಧ್ಯಾಹ್ನ ಡಾಮರು ರಸ್ತೆಯಿಂದ ತೋಟಕ್ಕಿಳಿದವನಿಗೆ ಇವುಗಳ ಭೇದವನ್ನು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ. ಆದರೆ ಈ ಭೇದವನ್ನು ಈಗ ಆಕಾಶದಿಂದ ಅಳೆಯಲಾಗುತ್ತಿದೆಯೆಂಬುದೂ, ಆ ಅಳತೆಯನ್ನು ತಪ್ಪಾಗಿ ಗ್ರಹಿಸುವುದು ಸುಲಭವೆಂಬುದೂ ಗ್ರಾಮಮುಖ್ಯರು ಅರಿತಿರತಕ್ಕ ವಿಷಯಗಳು.

2013ರಲ್ಲಿ ಹಾರಿಸಲ್ಪಟ್ಟ ಲ್ಯಾಂಡ್‌ಸ್ಯಾಟ್ 8 ಎಂಬ ಅಮೆರಿಕದ ಉಪಗ್ರಹವು ಸುಮಾರು 705 ಕಿಲೋಮೀಟರು ಎತ್ತರದಿಂದ, 16 ದಿನಗಳಿಗೊಮ್ಮೆ, ಪೂರ್ವಾಹ್ನದಲ್ಲಿ ಒಂದೇ ಸ್ಥಳವನ್ನು ನೋಡುತ್ತದೆ. ನೆಲವು ಹೊರಸೂಸುವ ಶಾಖಕಿರಣಗಳಿಂದ ಅದು ನೆಲದ ಮೇಲ್ಮೈಯ ಉಷ್ಣತೆಯನ್ನು ಎಣಿಸುತ್ತದೆ. 100 ಮೀಟರು ಚೌಕ, ಅಂದರೆ ಸುಮಾರು ಎರಡೂವರೆ ಎಕರೆಗೆ ಒಂದೇ ಅಂಕಿ. ಇದು ಗಾಳಿಯ ಉಷ್ಣತೆಯಲ್ಲ. ಹವಾಮಾನ ಕೇಂದ್ರದ ಉಷ್ಣಮಾಪಕವು ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿರುತ್ತದೆ. ಉಪಗ್ರಹವಾದರೋ ಬಿಸಿಲಿಗೆ ಕಾದ ಡಾಮರನ್ನೇ ನೋಡುತ್ತದೆ. ಎರಡನ್ನೂ ಒಂದೆಂದೆಣಿಸಿ ಗಾಬರಿಗೊಳ್ಳುವುದು ಸಲ್ಲದು. ಮಳೆಗಾಲದ ಮೋಡದ ಮೂಲಕ ಈ ಯಂತ್ರಕ್ಕೆ ನೆಲವು ಕಾಣದು. ಹೊಳೆಯುವ ಹೊಸ ತಗಡು ಶಾಖವನ್ನು ಕಡಮೆಯಾಗಿ ಸೂಸುವುದರಿಂದ, ಇರುವುದಕ್ಕಿಂತ ತಣ್ಣಗಿರುವಂತೆ ತೋರಿ ಮೋಸಮಾಡುವುದೂ ಉಂಟು. ಅದರ ಕೆಳಗೆ ಕುಳಿತವನು ಬೇರೆ ಮಾತನ್ನು ಹೇಳಿಯಾನು!

ಹಸುರು ತಂಪಾಗಿರಲು ಕಾರಣವು ನೆರಳೊಂದೇ ಅಲ್ಲ. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖವು ವ್ಯಯವಾಗುತ್ತದೆ. ಎಲೆಯೂ ಒದ್ದೆಮಣ್ಣೂ ದಿನವಿಡೀ ಈ ಕೆಲಸವನ್ನು ಮಾಡುತ್ತವೆ. ಕಾಂಕ್ರೀಟಿನಲ್ಲಿ ನೀರಿಲ್ಲ, ಆದುದರಿಂದ ಹಗಲಿನ ಶಾಖವನ್ನು ನುಂಗಿ ರಾತ್ರಿಯಲ್ಲಿ ಹೊರಗೆಡಹುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು 1973ರಿಂದೀಚೆಗಿನ ಉಪಗ್ರಹಚಿತ್ರಗಳನ್ನು ಹೋಲಿಸಿ, ಆ ನಗರದಲ್ಲಿ ಕೆರೆಯೂ ಮರವೂ ಕ್ಷೀಣಿಸಿ ಕಟ್ಟಡವು ಹಬ್ಬಿದಂತೆ ಮೇಲ್ಮೈಯ ಉಷ್ಣತೆಯು ಏರಿದುದನ್ನು ತೋರಿಸಿದ್ದಾರೆ.

ಇಷ್ಟರಿಂದ ನಗರವೇ ಅಪರಾಧಿ, ಹಳ್ಳಿ ನಿರಪರಾಧಿ ಎಂದು ತೀರ್ಮಾನಿಸುವವರುಂಟು. ಇದು ಒಪ್ಪತಕ್ಕುದಲ್ಲ. ಕೊಯ್ಲಾದ ಮೇಲೆ ಒಣಗಿ ಬಿರಿದ ಬೆಟ್ಟುಗದ್ದೆಯೂ, ಬೋಳಾದ ಮುರಕಲ್ಲಿನ ಪದವೂ ಬೇಸಗೆಯ ಪೂರ್ವಾಹ್ನದಲ್ಲಿ ಪೇಟೆಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಅಧಿಕವಾಗಿ ಕಾಯುತ್ತವೆ. ಉಪಗ್ರಹವು ಊರಿನ ಹೆಸರನ್ನು ಕೇಳುವುದಿಲ್ಲ, ಹೊದಿಕೆಯನ್ನು ನೋಡುತ್ತದೆ. ಸೊಪ್ಪು, ಮೇವುಗಳಿಗಾಗಿ ವರ್ಗದಾರರಿಗೆ ಪೂರ್ವದಿಂದ ಬಂದ 100 ಗಜದ ಕುಮ್ಕಿಯನ್ನು ಬೋಳಿಸಿದವರು ಬೆಂಗಳೂರನ್ನು ದೂರಿ ಫಲವಿಲ್ಲ.

ಗದ್ದೆಯ ತೇವವಾರುವ ಮೊದಲೇ ಉದ್ದನ್ನೋ ಹೆಸರನ್ನೋ ಬಿತ್ತಿದರೆ ನೆಲವು ಇನ್ನೆರಡು ತಿಂಗಳು ಹಸುರಾಗಿರುವುದು. ಕಾಳೂ ಮನೆಗೆ ಬರುವುದು. ಬಯಲುಗದ್ದೆಯನ್ನು ಮಣ್ಣು ತುಂಬಿ ನಿವೇಶನ ಮಾಡುವುದು ಮಾತ್ರ ಹಿಂದಕ್ಕೆ ಬಾರದ ಕೆಲಸ. ಮನೆ ಕಟ್ಟಲೇಬೇಕಾದವರು ಬೆಟ್ಟುಜಾಗವನ್ನು ಆರಿಸಿಕೊಳ್ಳಲಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸದೆ, ಪಡುವಣದಲ್ಲಿ ಒಂದು ಹಲಸನ್ನೋ ಮಾವನ್ನೋ ಉಳಿಸಲಿ. ಹೆದ್ದಾರಿಯ ಬದಿಯ ಮರಕ್ಕೆ ಕೊಡಲಿ ಬೀಳುವ ಪ್ರಸಂಗ ಬಂದಾಗ, ಬದಲಿ ಸಸಿಗಳನ್ನು ಎಲ್ಲಿ ನೆಡುವರು, ಮೂರು ಬೇಸಗೆ ಯಾರು ನೀರೆರೆವರು ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಕೇಳಿ ಬರೆಯಿಸಿಕೊಳ್ಳತಕ್ಕುದು.