ದಕ್ಕೆ ಇದೆ, ನೀರಿಲ್ಲ

ಬಂದರಿನ ಎದುರು ಮೀನಿಲ್ಲ, ಆದರೆ ಮೀನಿನ ಕಾರ್ಖಾನೆ ನಡೆಯುತ್ತಿದೆ. ಇದೆಂಥ ವ್ಯಾಪಾರ ಎಂದು ನಮ್ಮ ದಕ್ಕೆಯ ಯಾರಾದರೂ ಕೇಳಿಯಾರು. ಕಝಾಕಿಸ್ತಾನದ ಅರಾಲ್ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಹಾಗೇ ಆಯಿತು. ಅರಾಲ್ ಸರೋವರ ಹಿಂದೆ ಸರಿದ ಮೇಲೆ ಕೆಲಸಗಾರರ ಕೈ ಖಾಲಿಯಾಗಬಾರದೆಂದು ಸಾವಿರಾರು ಕಿಲೋಮೀಟರ್ ಆಚೆಯ ಬಾಲ್ಟಿಕ್, ಪೆಸಿಫಿಕ್ ಕಡಲಿನ ಮೀನನ್ನು ರೈಲಿನಲ್ಲಿ ಅಲ್ಲಿಗೆ ತರಿಸುತ್ತಿದ್ದರು.

ಒಂದು ಕಾಲದಲ್ಲಿ ರೈಲು ತುಂಬುತ್ತಿದ್ದುದು ಇಲ್ಲಿಂದಲೇ. 1921ರಲ್ಲಿ ರಷ್ಯಾ ಕ್ಷಾಮಕ್ಕೆ ಸಿಕ್ಕಾಗ ಲೆನಿನ್ ಮನವಿಗೆ ಓಗೊಟ್ಟು ಅರಾಲ್‌ನ ಮೀನುಗಾರರು 14 ವ್ಯಾಗನ್ ಮೀನು ಕಳುಹಿಸಿದರು. ಆ ಚಿತ್ರ ಇವತ್ತಿಗೂ ಅರಾಲ್ಸ್ಕ್ ರೈಲು ನಿಲ್ದಾಣದ ಗೋಡೆಯಲ್ಲಿದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾಗಿದ್ದ, ಸುಮಾರು 68,000 ಚದರ ಕಿ.ಮೀ.ಯ ಆ ಸರೋವರವನ್ನು ತುಂಬುತ್ತಿದ್ದುದು ಅಮು ಮತ್ತು ಸಿರ್ ಎಂಬ ಎರಡು ನದಿಗಳು. 1960ರಿಂದೀಚೆಗೆ ಸೋವಿಯತ್ ಸರಕಾರ ಎರಡನ್ನೂ ಹತ್ತಿ ಹೊಲಗಳಿಗೆ ತಿರುಗಿಸಿತು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ದುಂದು ಮಾಡಬೇಡಿ ಎಂಬ ಪ್ರವಾದಿ(ಸ)ರ ಮಾತನ್ನು ಮದ್ರಸದಲ್ಲೇ ಕಲಿತವರು ನಾವು. ಮಾಸ್ಕೋದಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಸರೋವರ ಸೇರುವ ನೀರೇ ದುಂದು ಎಂದರು. ಮರಳಿನಲ್ಲಿ ತೋಡಿದ ಕಾಲುವೆಗಳಲ್ಲಿ ಇಂಗಿ ಹೋದದ್ದನ್ನು ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಉಪ್ಪೇರಿ ಮೀನುಗಾರಿಕೆ ನಿಂತಿತು. ದಡ ಹತ್ತಾರು ಕಿಲೋಮೀಟರ್ ದೂರ ಹೋಯಿತು. ಬಂದರಿನ ಕ್ರೇನುಗಳು ಮಾತ್ರ ನಿಂತಲ್ಲೇ ಉಳಿದವು.

ಊರಿನವರು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1990ರ ದಶಕದಲ್ಲಿ ಸಿರ್ ನದಿಯ ನೀರನ್ನು ತಡೆಯಲು ಮರಳಿನ ಒಡ್ಡು ಕಟ್ಟಿದರು. ಒಡೆಯಿತು, ಮತ್ತೆ ಕಟ್ಟಿದರು. 1999ರ ಬಿರುಗಾಳಿಗೆ ಅದು ಪೂರ್ತಿ ಹೋಯಿತು. ಆದರೂ ಒಡ್ಡಿನಿಂದ ನೀರು ಏರುತ್ತದೆ ಎಂಬುದು ಅಷ್ಟರಲ್ಲಿ ಖಾತ್ರಿಯಾಗಿತ್ತು. ವಿಶ್ವಬ್ಯಾಂಕಿನ ನೆರವಿನಲ್ಲಿ 2005ರಲ್ಲಿ ಕೋಕರಾಲ್ ಅಣೆಕಟ್ಟು ಮುಗಿದ ಮೇಲೆ ಉತ್ತರದ ಭಾಗದಲ್ಲಿ ನೀರು ಏರಿತು, ಸಿಹಿನೀರಿನ ಮೀನು ಮರಳಿತು. ಅರಾಲ್ಸ್ಕ್‌ನ ಹಳೆ ಬಂದರಿಗೆ ಮಾತ್ರ ನೀರು ಇನ್ನೂ ಮುಟ್ಟಿಲ್ಲ. ದಕ್ಷಿಣದ ಉಝ್ಬೆಕ್ ಬಂದರು ಮೊಯ್ನಾಕ್‌ಗೆ ಅಷ್ಟೂ ಸಿಗಲಿಲ್ಲ.

ನಮ್ಮ ಅರಬಿ ಕಡಲು ಬತ್ತುವುದಿಲ್ಲ, ನಿಜ. ಆದರೆ ‘ನದಿ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥ’ ಎಂಬ ಮಾತು ಇಲ್ಲೂ ಕೇಳುತ್ತಿದ್ದೇವಲ್ಲ? ನೇತ್ರಾವತಿಗೆ ಸೇರುವ ಹಳ್ಳಗಳಿಂದ 24 ಟಿಎಂಸಿ ಎತ್ತುವ ಎತ್ತಿನಹೊಳೆ ಯೋಜನೆಯ 1ನೇ ಹಂತ 2024ರಲ್ಲಿ ಉದ್ಘಾಟನೆಯಾಗಿದೆ. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ. ಅವರಿಗೆ ನೀರು ಬೇಡ ಎನ್ನುವುದು ನಮಗೆ ಶೋಭೆಯಲ್ಲ. ಎತ್ತುವುದು ಮಳೆಗಾಲದ ನೀರು ಮಾತ್ರ ಎನ್ನುತ್ತಿದೆ ಸರಕಾರ. ಹಾಗಿದ್ದರೆ ಪ್ರತಿ ತಿಂಗಳು ಎಷ್ಟು ಎತ್ತಿದೆ, ಉಳ್ಳಾಲದ ಅಳಿವೆ ಬಾಗಿಲಿಗೆ ಎಷ್ಟು ಬಂದಿದೆ, ನದಿಯೊಳಗೆ ಉಪ್ಪು ಎಲ್ಲಿಯವರೆಗೆ ಏರಿದೆ ಎಂಬ ಲೆಕ್ಕವನ್ನು ಕನ್ನಡದಲ್ಲಿ, ದಕ್ಕೆಯಲ್ಲೇ ಬೋರ್ಡು ಹಾಕಿ ತೋರಿಸಲಿ. ಬೋಟಿನವರು, ಮೀನು ಮಾರುವವರು, ನದಿ ದಡದ ಜಮಾಅತ್‌ಗಳು ಸೇರಿ ಕೇಳಬೇಕಾದದ್ದು ಈ ಲೆಕ್ಕವನ್ನು.