ಓಟಕ್ಕೆ ಮುನ್ನ ಹತ್ತು ನಿಮಿಷ

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಮುಂಜಾನೆ ನಿಂತು ನೋಡಿದರೆ ರೈತಾಪಿ ಕುಟುಂಬಗಳ ಆಸೆ ಕಣ್ಣೆದುರೇ ಓಡುತ್ತಿರುತ್ತದೆ. ಪೊಲೀಸ್ ಹುದ್ದೆಗೋ ಸೇನೆಗೋ ಸಿದ್ಧರಾಗುವ ತರುಣರಿಗೆ 1,600 ಮೀಟರ್ ಓಟವೂ ಒಂದು ಹೆಬ್ಬಾಗಿಲು. ಮದ್ದೂರು, ಮಳವಳ್ಳಿಗಳ ಮೈದಾನಗಳಲ್ಲಿಯೂ ಇದೇ ದೃಶ್ಯ. ಆದರೆ ಇವರಲ್ಲಿ ಅನೇಕರು ಬೈಕಿನಿಂದ ಇಳಿದವರೇ ಓಟ ಆರಂಭಿಸುತ್ತಾರೆ. ಜಿಮ್ಮಿಗೆ ಹೋಗುವವರು ನೇರವಾಗಿ ಭಾರಕ್ಕೆ ಕೈಹಾಕುತ್ತಾರೆ. ತೊಡೆಯ ಸ್ನಾಯು ಹಿಡಿದುಕೊಂಡಿತೆಂದರೆ ಆ ವರ್ಷದ ನೇಮಕಾತಿಯೇ ಕೈತಪ್ಪಬಹುದು. ವಯೋಮಿತಿ ಯಾರಿಗಾಗಿಯೂ ಕಾಯುವುದಿಲ್ಲ.

ನಮ್ಮ ಗರಡಿಮನೆಗಳು ಈ ತಪ್ಪು ಮಾಡುತ್ತಿರಲಿಲ್ಲ. ಹಳೆ ಮೈಸೂರು ಸೀಮೆಯ ಗರಡಿಗಳಲ್ಲಿ ಉಸ್ತಾದರು ಹುಡುಗರನ್ನು ಒಮ್ಮೆಲೇ ಜೋಡಿಗೆ ಬಿಡುತ್ತಿರಲಿಲ್ಲ. ಮಟ್ಟಿ ಅಗೆದು ಹದ ಮಾಡಬೇಕು, ದಂಡ ಹೊಡೆಯಬೇಕು, ಬಸ್ಕಿ ತೆಗೆಯಬೇಕು, ಕುಸ್ತಿ ಆಮೇಲೆ. ದಂಡವೊಂದರಲ್ಲೇ ಭುಜ, ಬೆನ್ನು, ಸೊಂಟ, ತೊಡೆಯ ಹಿಂಭಾಗ ಎಲ್ಲವೂ ಚಲಿಸುತ್ತಲೇ ಹಿಗ್ಗುತ್ತವೆ. ಇಂದಿನ ತರಬೇತುದಾರರು 'ಡೈನಾಮಿಕ್ ಸ್ಟ್ರೆಚಿಂಗ್' ಎಂದು ಕಲಿಸುವುದೂ ಇದೇ ತತ್ತ್ವವನ್ನು.

ಇದರ ಹಿಂದಿನ ಕಾರಣ ಸರಳ. ಚಲನೆಯಿಂದ ಸ್ನಾಯುಗಳಿಗೆ ರಕ್ತಸಂಚಾರ ಹೆಚ್ಚಿ ಅವು ಬಿಸಿಯೇರುತ್ತವೆ, ಕೀಲುಗಳು ಸಡಿಲಗೊಳ್ಳುತ್ತವೆ. ಒಂದೇ ಭಂಗಿಯಲ್ಲಿ ನಿಮಿಷಕ್ಕೂ ಹೆಚ್ಚು ಕಾಲ ಸ್ನಾಯುವನ್ನು ಎಳೆದು ಹಿಡಿದರೆ ಅದರ ಬಲ ತಾತ್ಕಾಲಿಕವಾಗಿ ಕುಗ್ಗುವುದುಂಟು. ಅಂಥದ್ದು ವ್ಯಾಯಾಮದ ನಂತರಕ್ಕೆ ಇರಲಿ. ನಾರ್ವೆಯ ಬಾಲಕಿಯರ ಫುಟ್‌ಬಾಲ್ ತಂಡಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ರಮಬದ್ಧವಾದ 20 ನಿಮಿಷಗಳ ಪೂರ್ವಸಿದ್ಧತೆ ಅನುಸರಿಸಿದ ಆಟಗಾರ್ತಿಯರಿಗೆ ಗಾಯಗಳಾಗುವ ಸಂಭವ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು.

ಮಾಡಬೇಕಾದುದೂ ಕಷ್ಟವಲ್ಲ. ಮೂರ್ನಾಲ್ಕು ನಿಮಿಷ ಚುರುಕಾಗಿ ನಡೆಯಿರಿ. ಬಳಿಕ ಒಂದು ಕಾಲನ್ನು ದೂರ ಮುಂದಿಟ್ಟು ಮಂಡಿ ಬಾಗಿಸಿ. ಎರಡೂ ಅಂಗೈಗಳನ್ನು ಪಾದದ ಒಳಮಗ್ಗುಲಿಗೆ ನೆಲಕ್ಕೂರಿ. ಮುಂದಿನ ಕಾಲಿನ ಕಡೆಯ ಕೈಯನ್ನು ಆಕಾಶಕ್ಕೆತ್ತಿ ಎದೆಯನ್ನು ಅತ್ತ ತಿರುಗಿಸಿ. ಕೈಯನ್ನು ಮತ್ತೆ ನೆಲಕ್ಕೆ ತಂದು ಮುಂದಿನ ಕಾಲನ್ನು ನಿಧಾನವಾಗಿ ನೀಳ ಮಾಡಿ. ಪ್ರತಿ ಬದಿಗೆ ಐದು ಬಾರಿ ಸಾಕು. ಜಗ್ಗುವುದು, ಕುಲುಕುವುದು ಬೇಡ. ನೋವಿದ್ದರೆ ನಿಲ್ಲಿಸಿ, ಮಂಡಿ, ಬೆನ್ನು ಅಥವಾ ಹೃದಯದ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಬೇಕು.

ಅರ್ಥಶಾಸ್ತ್ರದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಹೂಡಿಕೆ ಇಲ್ಲ. ಯಂತ್ರ ಬೇಡ, ಟೆಂಡರ್ ಬೇಡ, ಹೇಳಿಕೊಡುವವರು ಬೇಕು. ಶಾಲೆಯ ಆಟದ ಅವಧಿಯ ಮೊದಲ ಹತ್ತು ನಿಮಿಷವನ್ನು ದೈಹಿಕ ಶಿಕ್ಷಕರು ಇದಕ್ಕೆ ಮೀಸಲಿಡಲಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ತಾಲ್ಲೂಕು ಮೈದಾನಗಳಲ್ಲಿ ಸಚಿತ್ರ ಫಲಕಗಳನ್ನು ನಿಲ್ಲಿಸಲಿ, ಊರ ಹಿರಿಯ ಪೈಲ್ವಾನರನ್ನು ಮಾರ್ಗದರ್ಶನಕ್ಕೆ ಕರೆಯಲಿ. ಗರಡಿಯ ಶಿಸ್ತು ಮೈದಾನಕ್ಕೆ ಮರಳಿದರೆ, ಹೊಲದಿಂದ ಹೊರಟ ಹುಡುಗನೊಬ್ಬ ಪರೀಕ್ಷೆಯ ದಿನ ಕುಂಟದೆ ಗುರಿ ಮುಟ್ಟಿಯಾನು.